ಸಮುದ್ರದ ಮೀನಿಗೂ ಬಾಯಾರಿಕೆ

ಮನೆಯಲ್ಲೊಬ್ಬ ವಿಜ್ಞಾನಿ ಇದ್ದರೆ ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಮಂಗಳೂರಿನ ಕೊಡಿಯಾಲ್‌ಬೈಲ್‌ನ ನಮ್ಮ ಫ್ಲ್ಯಾಟಿನಲ್ಲಿ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ವಿಜ್ಞಾನಿ ಎಂದರೆ ನನ್ನ ಗಂಡ. ಸುರತ್ಕಲ್ ಕಡೆಯ ಒಂದು ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವುದೇ ಅವರ ಉದ್ಯೋಗ.

ತೊಟ್ಟಿ ಬಂತು

ಗಲ್ಫಿಗೆ ಹೊರಟ ಭಾವ, ಎಂದರೆ ನಮ್ಮವರ ಅಣ್ಣ, ತಮ್ಮ ಪುಟ್ಟ ಗಾಜಿನ ತೊಟ್ಟಿಯನ್ನು ನಮ್ಮ ಹಾಲ್‌ನಲ್ಲಿ ಇಟ್ಟುಹೋದರು. ಉಪ್ಪುನೀರು, ಒಂದಷ್ಟು ಜೀವಂತ ಹವಳ, ಕಿತ್ತಳೆ ಬಣ್ಣದ ಒಂದು ಜೋಡಿ ಮೀನು.

"ಉಪ್ಪು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಕ್ರಿಸ್ಮಸ್‌ಗೆ ನಾನು ಬರುವಾಗ ಎಲ್ಲದಕ್ಕೂ ಜೀವ ಇರ್ಬೇಕು," ಎಂದರು.

"ನೀರಿನ ವಿಷಯ ನನಗೆ ಹೇಳ್ತೀಯಾ?" ಎಂದು ನಮ್ಮವರು ನಕ್ಕರು.

"ನಿನಗೇ ಹೇಳುವುದು ಮಾರಾಯ. ನನ್ನ ಸೈಕಲ್, ಕ್ಯಾಮೆರಾ, ಗಿಟಾರ್, ಎಲ್ಲ ಸತ್ತದ್ದು ನಿನ್ನ ಕೈಯಲ್ಲೇ."

ಅಂದಿನಿಂದ ಆ ಮೀನುಗಳು ಬದುಕುವುದು ಮೀನಿಗಿಂತ ನಮ್ಮವರಿಗೇ ಹೆಚ್ಚು ಅಗತ್ಯವಾಯಿತು.

ರುಚಿ ನೋಡಿದ್ದು

ನಮ್ಮೂರಿನ ಸೆಕೆಗೆ ತೊಟ್ಟಿಯ ನೀರು ದಿನಾ ಸ್ವಲ್ಪ ಇಳಿಯುತ್ತಿತ್ತು. ಸಮುದ್ರದ ಮೀನಿಗೆ ಉಪ್ಪುನೀರೇ ಸರಿ ಎಂದು ನಮ್ಮವರು ದಿನಾ ಉಪ್ಪುನೀರು ಕಲಸಿ ತುಂಬಿಸಿದರು. ಕೆಲವೇ ದಿನಗಳಲ್ಲಿ ಹವಳಗಳು ಮುದುಡಿಕೊಂಡವು.

ನಮ್ಮ ಜೊತೆಗೇ ಇರುವ ಅತ್ತೆ ಬಂದು ಬೆರಳದ್ದಿ ನೆಕ್ಕಿ ಮಗನಿಗೆ ಹೇಳಿದರು. "ಪುತಾ, ಇದಕ್ಕೆ ಉಪ್ಪು ಹೆಚ್ಚಾಗಿದೆ."

"ಮಮ್ಮಿ, ಇದು ಮೀನಿನ ಸಾರಲ್ಲ!" ಎಂದು ರೇಗಿ ಇವರು ಉಪ್ಪು ಅಳೆಯುವ ಮೀಟರ್ ಹಿಡಿದರು. ಉಪ್ಪು ಹೆಚ್ಚೇ ಇತ್ತು. ಮೀಟರೇ ಹಾಳಾಗಿದೆ ಎಂದು ಹೊಸದು ತಂದರು. ಅದೂ ಅತ್ತೆಯ ಪಕ್ಷವನ್ನೇ ವಹಿಸಿತು.

ಕೆಳಗಿನ ಮನೆಯ ಸಲಹೆ

ಕೆಳಗಿನ ಫ್ಲ್ಯಾಟಿನ ಅಂಗಡಿ ಮಾಲೀಕರಿಗೆ ಇದೆಲ್ಲ ತಮಾಷೆ. "ಎಂತ ಮಾರಾಯ್ರೆ, ಸಮುದ್ರ ಕಣ್ಣೆದುರೇ ಉಂಟು. ನೀವು ಪ್ಯಾಕೆಟಿನ ಉಪ್ಪು ಕಲಸುವುದಾ?"

ಆಗ ಜೋರು ಮಳೆಗಾಲ. ಇಬ್ಬರೂ ರೇನ್‌ಕೋಟ್ ಹಾಕಿಕೊಂಡು ಹೋಗಿ, ಕ್ಯಾನ್ ತುಂಬ ಚಹಾದ ಬಣ್ಣದ ನೀರು ತಂದು ಬಟ್ಟೆಯಲ್ಲಿ ಸೋಸಿ ಸುರಿದರು. ಮಳೆಗಾಲದಲ್ಲಿ ಹೊಳೆಗಳೆಲ್ಲ ಅಲ್ಲಿಗೇ ಬಂದು ಬೀಳುತ್ತವೆ ಎಂಬುದು ಮಂಗಳೂರಿನಲ್ಲೇ ಹುಟ್ಟಿ ಬೆಳೆದ ಇಬ್ಬರಿಗೂ ಹೊಳೆಯಲಿಲ್ಲ. ಉಪ್ಪು ಪಾತಾಳಕ್ಕಿಳಿಯಿತು. ಮೀನುಗಳು ಕಲ್ಲಿನ ಹಿಂದೆ ಅಡಗಿದವು.

ಮಾಲೀಕರು ಮೀಟರ್ ನೋಡಿ ತಲೆಯಾಡಿಸಿದರು. "ಈ ವರ್ಷ ಸಮುದ್ರವೇ ಸರಿ ಇಲ್ಲ."

ಉಪನ್ಯಾಸ

ಆ ನೀರನ್ನೆಲ್ಲ ತೆಗೆದು, ಹೊಸದಾಗಿ ಉಪ್ಪುನೀರು ಕಲಸಿ, ನಮ್ಮವರು ಮೇಲೊಂದು ಗಾಜಿನ ಮುಚ್ಚಳ ಹಾಕಿದರು. ಮೀನಿಗೆ ತಿಂಡಿ ಹಾಕಲು ಅದರಲ್ಲೊಂದು ಕಿಂಡಿ. ಆಮೇಲೆ ಪವಾಡ! ಸಂಜೆ ಬಂದು ನೋಡಿದರೆ ನೀರು ಗಾಜಿನ ಮೇಲೆ ಗುರುತು ಮಾಡಿದ ಗೆರೆ ಬಿಟ್ಟು ಇಳಿದಿರುತ್ತಿರಲಿಲ್ಲ, ಉಪ್ಪು ಕದಲುತ್ತಿರಲಿಲ್ಲ.

"ಆವಿಯಾಗುವುದನ್ನೇ ನಿಲ್ಲಿಸಿದ್ದೇನೆ," ಎಂದು ಬಂದವರಿಗೆಲ್ಲ ಪಾಠ ಶುರುವಾಯಿತು. ಮನೆ ಆಶೀರ್ವದಿಸಲು ಬಂದ ಪಾದ್ರಿಗಳನ್ನೂ ಬಿಡಲಿಲ್ಲ. ಇವರ ಪ್ರಸಂಗ ಕೇಳಿದ ಮೇಲೆ ಅವರು ಚಹಾಕ್ಕೂ ನಿಲ್ಲದೆ ಹೊರಟರು.

ಆಟೋಮ್ಯಾಟಿಕ್

ಕ್ರಿಸ್ಮಸ್ ಹತ್ತಿರವಾಗುವಾಗ ಅತ್ತೆ ಬಾಲಯೇಸುವಿನ ಪ್ರಾರ್ಥನೆಗೆಂದು ಬಿಕರ್ನಕಟ್ಟೆಯ ತಂಗಿಯ ಮನೆಗೆ ಹೋದರು. ಅವರು ಹೋದದ್ದೇ ತಡ, ನೀರು ಇಳಿಯಿತು, ಉಪ್ಪು ಏರಿತು, ಹವಳ ಮುದುಡಿತು. ಭಾವ ವಿಮಾನ ಹತ್ತುವ ದಿನ ಹತ್ತಿರ ಬರುತ್ತಿತ್ತು. ನಮ್ಮವರಿಗೆ ಅನ್ನ ಇಳಿಯಲಿಲ್ಲ. ನಿಜ ಹೇಳುತ್ತೇನೆ, ನನಗೂ ಪಾಪ ಅನಿಸಿತು.

ಅತ್ತೆ ವಾಪಸು ಬಂದವರೇ ತೊಟ್ಟಿ ನೋಡಿ, ಒಂದು ಚೊಂಬು ನೀರು ತಂದು ಕಿಂಡಿಯಿಂದ ಸುರಿದರು.

"ಮಮ್ಮಿ! ಎಂತ ಮಾಡ್ತಾ ಇದ್ದೀ?"

"ಕುಡಿಯಲು ಕೊಡ್ತೇನೆ. ನೀನು ಮುಚ್ಚಳ ಹಾಕಿದಂದಿನಿಂದ ದಿನಾ ಬೆಳಿಗ್ಗೆ ಕುದಿಸಿ ಆರಿಸಿದ್ದೇ ಕೊಡುವುದು. ಇಡೀ ದಿನ ಉಪ್ಪಲ್ಲೇ ಇರುವ ಜೀವಕ್ಕೆ ಬಾಯಾರಿಕೆ ಆಗುವುದಿಲ್ವಾ? ನಾನಿಲ್ಲದಾಗ ಯಾರೂ ಕೊಡ್ಲಿಲ್ಲವಾ?"

ನಮ್ಮವರು ಒಮ್ಮೆ ಚೊಂಬನ್ನೂ ಒಮ್ಮೆ ತೊಟ್ಟಿಯನ್ನೂ ನೋಡಿದರು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ, ತುಂಬಿಸಬೇಕಾದದ್ದು ಸಿಹಿನೀರು ಎಂಬ ಶಾಲೆಯ ಪಾಠ ಅವರಿಗೆ ಆಗ ನೆನಪಾಯಿತು.

ಅತ್ತೆಯ ಚೊಂಬು ಮತ್ತೆ ಶುರುವಾದ ಮೇಲೆ ಹವಳ ಅರಳಿತು. ಭಾವ ಬಂದು ನೋಡಿ ಬೆರಗಾದರು. "ಹೇಗೆ ಮಾಡಿದೆ ಮಾರಾಯ?"

ನಮ್ಮವರು ಎದೆಯುಬ್ಬಿಸಿದರು. "ಆಟೋಮ್ಯಾಟಿಕ್ ಮಾಡಿದ್ದೇನೆ. ನೀರು ತನ್ನಷ್ಟಕ್ಕೇ ತುಂಬುತ್ತದೆ."

"ವಯರ್ ಎಲ್ಲೂ ಕಾಣುವುದಿಲ್ಲವಲ್ಲ?" ಎಂದು ಭಾವ ತೊಟ್ಟಿಯ ಹಿಂದೆ ಬಗ್ಗಿ ಹುಡುಕಿದರು.

ಅತ್ತೆ ಚೊಂಬು ಹಿಡಿದುಕೊಂಡು ಅಡುಗೆಮನೆಯಿಂದ ಬಂದರು. "ಅದು ಕರೆಂಟಿನಲ್ಲಿ ಓಡುವುದಲ್ಲ ಪುತಾ, ಚಹಾದಲ್ಲಿ. ಇವತ್ತು ಇನ್ನೂ ಯಾರೂ ನನಗೆ ಕೊಡ್ಲಿಲ್ಲ."