ಎಡಗಡೆ ತಟ್ಟೆ

"ಇಯರ್‌ಫೋನನ್ನ ನಾನೇ ಆರಿಸ್ತೀನಿ! ರಸ್ತೆಯ ಆ ಬದಿಯಿಂದ ತಕ್ಕಡಿ ನೋಡಿ ಯಾವನು ಕಳ್ಳ ಅಂತ ಹೇಳಿದವನು ನಾನು. ಎರಡು ರಬ್ಬರ್ ಬಿರಡೆ ಆರಿಸೋದು ಯಾವ ಮಹಾ ವಿದ್ಯೆ!"

ಭಾನುವಾರ ಬೆಳಿಗ್ಗೆ ಆರ್‌ಪಿಸಿ ಲೇಔಟಿನ ಮನೆಯಲ್ಲಿ ವಿಶ್ವಾರಾಧ್ಯರು ಹೀಗೆಂದು ಘೋಷಿಸಿದರು. ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರಾಗಿದ್ದು ರಿಟೈರಾದವರು. ರಿಟೈರಾದದ್ದು ಕೆಲಸದಿಂದ ಅಷ್ಟೇ, ಒಳಗಿನ ಇನ್ಸ್‌ಪೆಕ್ಟರು ಇನ್ನೂ ಡ್ಯೂಟಿಯಲ್ಲೇ ಇದ್ದ! ಅವರ ಕೆಮ್ಮು ಕೇಳಿದರೆ ಸಾಕು, ಗಾಡಿಯ ತರಕಾರಿಯವನು ಕೇಳದೇನೇ ಇನ್ನೊಂದು ಹಿಡಿ ಬೆಂಡೆಕಾಯಿ ಹಾಕಿಬಿಡುತ್ತಿದ್ದ.

ಹುಟ್ಟುಹಬ್ಬಕ್ಕೆ ಮಗಳು ವಚನಾ ಬೆಂಕಿಪೊಟ್ಟಣದಷ್ಟು ಪುಟ್ಟ ಮ್ಯೂಸಿಕ್ ಪ್ಲೇಯರ್ ಕೊಟ್ಟಿದ್ದಳು, ಹೊಟ್ಟೆ ತುಂಬ ವಚನಗಾಯನ ತುಂಬಿಸಿ. ಸರ್ವೀಸಿನುದ್ದಕ್ಕೂ ಸಂತೆಯ ಗದ್ದಲ ಕೇಳಿದ ಮನುಷ್ಯ. ಇನ್ನು ಉಳಿದ ಕಾಲವನ್ನು ತಂಬೂರಿ ಕೇಳುತ್ತಾ ಕಳೆಯಬೇಕು ಅನ್ನುವುದು ಅವರ ಬಹುಕಾಲದ ಆಸೆ. ಇಯರ್‌ಫೋನ್ ಮಾತ್ರ ನಿಮ್ಮ ಕಿವಿಗೆ ಒಪ್ಪೋದನ್ನ ನೀವೇ ನೋಡಿ ತಗೊಳ್ಳಿ ಅಪ್ಪ ಅಂದಿದ್ದಳು ಮಗಳು.

"ಅಂಗಡಿಗೆ ಹೋಗೋ ಮುಂಚೆ ಒಂದು ಮಾತು ರೀ," ಎಂದರು ಹೆಂಡತಿ ಜಗದಾಂಬಾ.

"ಮಾತು ಆಮೇಲೆ. ಚಪ್ಪಲಿ ಹಾಕ್ಕೋ!"

ಈ ಜಗದಾಂಬಾ ಮೇಲೆ ವಿಶ್ವಾರಾಧ್ಯರಿಗೆ ಒಂದು ಹಳೇ ದೂರಿತ್ತು, ಒಂದು ಹೊಸದು. ಹಳೆಯದು, ಬಾಯೊಳಗೇ ಗೊಣಗ್ತಾಳೆ ಅನ್ನುವುದು. ಹೋದ ದೀಪಾವಳಿಗೆ, "ಬಾಯಿ ಬಿಟ್ಟು ಮಾತಾಡೇ!" ಅಂತ ಚೆನ್ನಾಗಿ ಗದರಿದ ಮೇಲೆ ಅದು ಸರಿಹೋಯಿತು. ಮಾತು ಗಂಟೆ ಹೊಡೆದ ಹಾಗೆ ಸ್ಪಷ್ಟವಾಯಿತು. ಗದರಿಕೆಯ ಮಹಿಮೆ ನೋಡಿ ಅಂತ ಬೀಗರ ಮುಂದೆಲ್ಲ ಮೀಸೆ ತಿರುವಿದ್ದೂ ಆಗಿತ್ತು.

ಹೊಸ ದೂರು ಶುರುವಾದದ್ದು ಅದರ ಬೆನ್ನಿಗೇ. ಊಟಕ್ಕೆ ಕೂತರೂ, ಸೋಫಾದಲ್ಲಿ ಕೂತರೂ, ರಸ್ತೆಯಲ್ಲಿ ನಡೆದರೂ ಈಕೆ ಗಂಡನ ಬಲಕ್ಕೇ ಬರತೊಡಗಿದ್ದರು!

"ವಾಮಾಂಗಿ ಅಂತಾರೆ ಹೆಂಡ್ತೀನ. ವಾಮ ಅಂದ್ರೆ ಎಡ. ಮದುವೆ ಆದಾಗಿಂದ ಎಡಕ್ಕಿದ್ದವಳಿಗೆ ಈಗೇನು ಬಂತೇ?"

"ಈ ಕಡೆ ಗಾಳಿ ಚೆನ್ನಾಗಿದೆ ರೀ."

ರಸ್ತೆಯ ಎಡ ಅಂಚಿನಲ್ಲಿ ನಡೆಯುವಾಗ ಬಲಗಡೆ ಬರುವುದು ಗಾಳಿಯಲ್ಲ, ಬಸ್ಸು! ಅವತ್ತೂ ಬೈದರು, ಅವತ್ತೂ ಆಕೆ ಬಲಕ್ಕೇ ನಡೆದರು. ವಿಜಯನಗರ ತಲುಪಿದ ಮೇಲೆ, "ಅವರೆಕಾಯಿ ತಗೊಂಡು ಬರ್ತೀನಿ, ಅಲ್ಲಿವರೆಗೂ ಜಗಳ ಆಡ್ಬೇಡಿ," ಅಂತ ಮಾರ್ಕೆಟ್ಟಿನ ಕಡೆ ಹೋದರು.

ಅಂಗಡಿಯ ನಾಗಭೂಷಣ್ ಪಾಪದ ಮನುಷ್ಯ. ಎರಡು ಜೊತೆ ತೆಗೆದಿಟ್ಟ. "ಈ ಕರೀದು ಕಿವಿಯೊಳಗೆ ಬಿಗಿಯಾಗಿ ಕೂರುತ್ತೆ ಸಾರ್, ಹೊರಗಡೆ ಸದ್ದು ಒಂಚೂರೂ ಬರಲ್ಲ. ಈ ಬಿಳೀದು ಸ್ವಲ್ಪ ಸಡಿಲ, ಹಾಡಿನ ಜೊತೆ ಹೊರಗಿನ ಮಾತೂ ಕೇಳುತ್ತೆ."

"ಹೊರಗಿನ ಮಾತು ಯಾರಿಗ್ರೀ ಬೇಕು? ಕರೀದು ಕೊಡಿ!"

ಸಿಕ್ಕಿಸಿಕೊಂಡರು. ಕಣ್ಣು ಮುಚ್ಚಿದರು. ಬಲಗಡೆ ತಂಬೂರಿ ಜೇನು ಸುರಿದ ಹಾಗೆ ಬಂತು. ಎಡಗಡೆ, ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಮುಚ್ಚಿಕೊಂಡು ಹಾಡುತ್ತಿದ್ದ ಹಾಗಿತ್ತು. ಒಳಗಿನ ಇನ್ಸ್‌ಪೆಕ್ಟರು ಎದ್ದು ಕೂತ!

"ಎಡಗಡೆ ತಟ್ಟೆ ಹಗುರ ಇದೆ!"

"ತಟ್ಟೆ?" ನಾಗಭೂಷಣ್ ತಬ್ಬಿಬ್ಬಾದ. ಬಿಳಿಯದು ಕೊಟ್ಟ. ಅದರಲ್ಲೂ ಎಡಗಡೆ ಹಗುರ. ಹೊಸ ಡಬ್ಬಿ ಒಡೆದ. ಹಗುರ. ಇನ್ನೊಂದು ಕಂಪನಿಯದು ಒಡೆದ. ಅದೂ ಹಗುರ! ಗಲ್ಲಾ ಮೇಜಿನ ಮೇಲೆ ಖಾಲಿ ಡಬ್ಬಿಗಳ ರಾಶಿ ಬಿತ್ತು.

"ಏನ್ರೀ ಇದು, ಒಂದು ಕಿವಿಗೆ ಹಾಲು, ಇನ್ನೊಂದು ಕಿವಿಗೆ ನೀರು! ಮಹಾಜನಗಳೇ, ಅಂಗಡಿ ಪೂರ್ತಿ ಮೋಸ! ನಾನು ತೂಕ-ಅಳತೆ ಇಲಾಖೆಯವನು!"

ರಿಟೈರಾಗಿದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಇಲಾಖೆ ಅಂದ ಕೂಡಲೇ ಜನ ಸೇರಿದರು. ಆಗತಾನೇ ಒಂದು ಜೊತೆ ಕೊಂಡು ಮೆಟ್ಟಿಲಿಳಿಯುತ್ತಿದ್ದ ವೆಂಕಟರಮಣಪ್ಪ ಅನ್ನುವವರು ವಾಪಸ್ ಬಂದು, ಅಲ್ಲೇ ಕಿವಿಗಿಟ್ಟು, "ಹೌದು ಸಾರ್! ನೀವು ಹೇಳಿದ ಮೇಲೆ ನಂಗೂ ಎಡಗಡೆ ಕಮ್ಮಿ ಅನ್ನಿಸ್ತಾ ಇದೆ!" ಎಂದರು. "ನಂದೂ ವಾಪಸ್ ತಗೊಳ್ರೀ!" ಅಂತ ಹಿಂದಿನಿಂದ ಇನ್ಯಾರೋ ಕೂಗಿದರು. ನಾಗಭೂಷಣ್ ಅಳುವುದೊಂದು ಬಾಕಿ.

ಅಷ್ಟರಲ್ಲಿ ಅವರೆಕಾಯಿ ಚೀಲದ ಸಮೇತ ಜಗದಾಂಬಾ ಬಂದರು. ಡಬ್ಬಿಗಳ ರಾಶಿ ನೋಡಿದರು, ಗಂಡನ ಮುಖ ನೋಡಿದರು. ಆ ಕರಿಯದನ್ನು ಈಸಿಕೊಂಡು ತಾವೇ ಕೇಳಿದರು.

"ಎರಡೂ ಸಮ ಇದೆ ರೀ."

"ನಿನಗೇನೇ ಗೊತ್ತು ತೂಕದ ವಿಷಯ?"

"ನೀವೇ ಹೇಳ್ಕೊಟ್ಟಿದ್ದು. ತಕ್ಕಡಿ ಮೇಲೆ ಅನುಮಾನ ಬಂದ್ರೆ ತಟ್ಟೆ ಅದಲು ಬದಲು ಮಾಡಿ ನೋಡ್ಬೇಕು ಅಂತ." ಎಡಗಡೆಯ ಬಿರಡೆಯನ್ನು ಅವರ ಬಲಗಿವಿಗೆ, ಬಲಗಡೆಯದನ್ನು ಎಡಗಿವಿಗೆ ತಾವೇ ಸಿಕ್ಕಿಸಿದರು.

ಹಗುರವಾಗಿದ್ದ ಬಿರಡೆ ಬಲಗಿವಿಯಲ್ಲಿ ಜೇನು ಸುರಿಸತೊಡಗಿತು. ಜೇನು ಸುರಿಸುತ್ತಿದ್ದದ್ದು ಎಡಗಿವಿಗೆ ಹೋಗಿ ಬಾಗಿಲು ಮುಚ್ಚಿಕೊಂಡಿತು.

ಸರ್ವೀಸಿನಲ್ಲಿ ಎಷ್ಟೋ ತಕ್ಕಡಿಗಳನ್ನು ಸುಳ್ಳು ಅಂತ ಬರೆದ ವಿಶ್ವಾರಾಧ್ಯರು ಎರಡೂ ಬಿರಡೆ ಕಿತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಹಾಡು ಕೇಳುವ ಬಿಡುವು ಬರುವ ಹೊತ್ತಿಗೆ ಕಿವಿಯೇ ಗಂಟುಮೂಟೆ ಕಟ್ಟುತ್ತಿತ್ತಲ್ಲ! ಕೊನೆಗೆ ನಾಗಭೂಷಣನ ಮುಂದೆ ಕೈ ಜೋಡಿಸಿದರು. "ತಪ್ಪಾಯ್ತು ಕಣಪ್ಪ. ನಿನ್ನ ತಕ್ಕಡಿ ಸರಿ ಇದೆ. ನಂದೇ ವಾಲಿದೆ."

"ಈಗ ಕೇಳಿದ್ರೆ ನಂಗೂ ಸಮಾನೇ ಇದೆ," ಅಂದುಕೊಂಡು ವೆಂಕಟರಮಣಪ್ಪ ಮೆಲ್ಲಗೆ ಜಾಗ ಖಾಲಿ ಮಾಡಿದರು.

ಆಯ್ಕೆ ಮಾತ್ರ ಜಗದಾಂಬಾ ಮಾಡಿದರು. "ಬಿಳೀದು ಕೊಡಿ. ಇರೋದೊಂದು ಕಿವೀನೂ ಬಿರಡೆ ಹಾಕಿ ಮುಚ್ಕೊಂಡ್ರೆ ನಾನು ಯಾರ ಹತ್ರ ಮಾತಾಡ್ಲಿ?"

ವಾಪಸ್ ಬರುವಾಗ ಆಕೆ ಮತ್ತೆ ಬಲಕ್ಕೇ ಬಂದರು. ಒಂದು ಬಸ್ಸು ಸೆರಗು ತಾಕುವ ಹಾಗೆ ಹೋಯಿತು. ವಿಶ್ವಾರಾಧ್ಯರು ನಡೆಯುತ್ತಿದ್ದವರು ನಿಂತರು.

"ಜಗದಾ, ನೀನು ಈ ಕಡೆ ಬರೋಕೆ ಶುರು ಮಾಡಿದ್ದು…"

"ಹೂಂ. ದೀಪಾವಳಿ ಆದ್ಮೇಲೆ."

"ಮತ್ತೆ ನಾನು ಗದರಿದ್ದಕ್ಕೆ ನಿನ್ನ ಮಾತು ಸ್ಪಷ್ಟ ಆಯ್ತು ಅಂತ…"

"ನನ್ನ ಬಾಯಿ ಹೇಗಿತ್ತೋ ಹಾಗೇ ಇದೆ. ಜಾಗ ಬದಲಾಯ್ತು, ಅಷ್ಟೇ."

ವಿಶ್ವಾರಾಧ್ಯರು ಬಸ್ಸು ಹೋದ ಕಡೆ ನೋಡಿದರು. ಇಷ್ಟು ದಿನ ಈ ಹೆಂಗಸು ಬಸ್ಸಿನ ಕಡೆ ನಡೆದಿದ್ದಾಳೆ, ಮೇಲಿಂದ ಶಾಸ್ತ್ರದ ಬೈಗುಳ ಬೇರೆ ತಿಂದಿದ್ದಾಳೆ! "ಒಂದು ಮಾತು ಹೇಳ್ಬಾರದಿತ್ತೇನೇ?"

"ಹೇಳಿದೆ ರೀ. ಎಡಗಡೆ ಕೂತ್ಕೊಂಡು ಹೇಳಿದೆ."

ವಿಶ್ವಾರಾಧ್ಯರು ಹೆಂಡತಿಯ ಕೈ ಹಿಡಿದು ರಸ್ತೆ ದಾಟಿಸಿದರು. ಆ ಬದಿಯಲ್ಲಿ ನಡೆದರೆ ಬಲಗಡೆಗೆ ಫುಟ್‌ಪಾತು, ಬಸ್ಸಿನ ಗಾಳಿ ಏನಿದ್ದರೂ ತಮಗೆ. "ನಾಳೆ ಬೆಳಿಗ್ಗೆ ಕಿವಿ ಡಾಕ್ಟರ ಹತ್ರ ಹೋಗೋಣ. ಇನ್ಮೇಲೆ ನಿನ್ನ ಮಾತು ಒಂದೂ ತಪ್ಪಿಸ್ಕೊಳ್ಳಲ್ಲ," ಎಂದರು.

ಜಗದಾಂಬಾ ನಕ್ಕರು. ರಸ್ತೆ ಖಾಲಿ ಇರುವುದನ್ನು ನೋಡಿ, ಸರಕ್ಕನೆ ಗಂಡನ ಎಡಕ್ಕೆ ಹೋದರು. ಅವರೆಕಾಯಿ ಚೀಲ ಆಡಿಸುತ್ತಾ, ಉಸಿರು ಬಿಡದೆ ಏನೇನೋ ಹೇಳಿಕೊಂಡು ಒಂದಷ್ಟು ದೂರ ನಡೆದು, ಮತ್ತೆ ಬಲಕ್ಕೆ ಬಂದು ಸೇರಿಕೊಂಡರು.

"ಏನಂದ್ಯೇ?"

"ಏನಿಲ್ಲ. ನಾಳೆ ಡಾಕ್ಟರು ಕಿವಿ ಸರಿಮಾಡಿಬಿಟ್ರೆ ಆಮೇಲೆ ಆಗಲ್ವಲ್ಲ. ಬೈಯೋದು ಸ್ವಲ್ಪ ಬಾಕಿ ಇತ್ತು, ಮುಗಿಸ್ಕೊಂಡು ಬಂದೆ!"