ನಮ್ಮ ಶೆಡ್ಡಿಗೆ ಬಂದ ಕರೆಂಟ್ ಕಾರುಗಳು

ಗ್ಯಾರೇಜಿಗೆ ಕೆಟ್ಟ ಗಾಡಿಗಳು ಮಾತ್ರ ಬರ್ತವೆ ಅಂತ ತಿಳ್ಕೊಂಡಿದ್ರೆ, ನೀವು ಒಂದು ದಿನ ನಮ್ಮ ಶೆಡ್ಡಿನ ಮುಂದೆ ಸ್ಟೂಲ್ ಹಾಕ್ಕೊಂಡು ಕೂರಬೇಕು. ಎಷ್ಟೋ ಸಲ ಗಾಡಿ ಸರಿಯಾಗೇ ಇರುತ್ತೆ, ತಂದೋರ ಸ್ಕ್ರೂ ಲೂಸ್ ಆಗಿರುತ್ತೆ. ದಿನಾ ಒಂದಲ್ಲ ಒಂದು ನಡೀತಾನೇ ಇರುತ್ತೆ.

ನಾನು ತುಮಕೂರಿನ ಗುಬ್ಬಿ ರಸ್ತೆಯಲ್ಲಿ ನಲವತ್ತು ವರ್ಷದಿಂದ ಮೆಕ್ಯಾನಿಕ್. ಶಾಲೆ ಕಾಂಪೌಂಡಿನೊಳಗೆ ಕಾಲಿಟ್ಟಿದ್ದು ಒಂದೇ ಸಲ, ಹೆಡ್‌ಮಾಸ್ಟರ ಸ್ಕೂಟರ್ ರಿಪೇರಿಗೆ. ಆದ್ರೆ ನನ್ನ ಕಿವಿ ಇದೆಯಲ್ಲ, ಅದು ಡಬಲ್ ಡಿಗ್ರಿ ಮಾಡಿದೆ. ಮೈಲಿಗಟ್ಟಲೆ ಆಚೆ ಗೂಳೂರಿನಲ್ಲಿ ಲಾರಿ ಸ್ಟಾರ್ಟ್ ಮಾಡಿದ್ರೆ ನಾನು ಇಲ್ಲಿ ಚಾಪೆ ಮೇಲೆ ಮಲಗಿಕೊಂಡೇ "ಮೂರನೇ ಸಿಲಿಂಡರ್ ಹೋಗಿದೆ" ಅಂತಿದ್ದೆ. ಅಲ್ಲಿ ಡ್ರೈವರ್ "ಸರಿ ಸಾಬ್ರೇ" ಅಂತ ಇಂಜಿನ್ ಆಫ್ ಮಾಡ್ತಿದ್ದ. ನಂಬದೇ ಇರೋರು ಗೂಳೂರಿಗೆ ಹೋಗಿ ಕೇಳಿ.

ಅಂಥ ಕಿವಿಯ ಗ್ರಹಚಾರಕ್ಕೆ ಸದ್ದೇ ಮಾಡದ ಈ ಕರೆಂಟ್ ಕಾರುಗಳು ಬಂದವು. ಡೀಸೆಲ್ ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು. ಡಿಪ್ಲೊಮಾ ಓದಿದ ನನ್ನ ಮಗಳು ಕರೆಂಟ್ ಕಾರಿನ ಸರ್ವೀಸ್ ಕಲಿತು ಬಂದು ಶೆಡ್ಡಿನಲ್ಲಿ ಅದನ್ನೇ ಶುರು ಮಾಡಿದಳು. ಕುಣಿಗಲ್ಲಿನ ಟ್ರಾವೆಲ್ಸ್ ಯಜಮಾನರೊಬ್ಬರ ಹತ್ತಿರ ಎಂಟು ಕರೆಂಟ್ ಕಾರಿದ್ದವು. "ಮೊದಲು ಇಬ್ಬರು ಗಿರಾಕಿಗಳು ನಿಮ್ಮ ಕೆಲಸ ಹೊಗಳ್ಲಿ. ಆಮೇಲೆ ಒಂದು ಕಾರು ಕಳಿಸಿ ನೋಡ್ತೀನಿ. ಮನಸ್ಸಿಗೆ ಬಂದ್ರೆ ಎಂಟೂ ನಿಮಗೇ" ಅಂದರು. ಎಂಟು ಬಂದರೆ ಶೆಡ್ ಉಳೀತು. ಇಲ್ಲದಿದ್ರೆ ಶಟರ್ ಎಳೆಯೋದೇ.

ಮಗಳು ನನಗೆ ಒಂದೇ ಮಾತು ಹೇಳಿದಳು: "ಅಬ್ಬಾಜಾನ್, ಕೆಲಸ ನಾನ್ ಮಾಡ್ತೀನಿ. ನೀವು ಮಾತ್ರ ಬಾಯಿ ಬಿಡಬೇಡಿ."

ನನ್ನ ಬಾಯಿಗೆ ಆಗೋ ಬೀಗ ಇನ್ನೂ ಯಾರೂ ಮಾಡಿಲ್ಲ.

೧. ಕರಿ ಆಯಿಲ್

ಮೊದಲು ಬಂದೋರು ಹಾಗಲವಾಡಿಯ ತೆಂಗಿನ ತೋಟದ ಗೌಡರು. ಹೊಸ ಕರೆಂಟ್ ಕಾರು, ಡಿಕ್ಕಿಯಲ್ಲಿ ಐದು ಲೀಟರಿನ ಖಾಲಿ ಕ್ಯಾನು. ಮಗಳು ಬ್ರೇಕ್ ನೋಡಿದಳು, ಹಿಂದಿನ ಟೈರು ಮುಂದಕ್ಕೆ ಮುಂದಿಂದು ಹಿಂದಕ್ಕೆ ಹಾಕಿದಳು, ಕೂಲೆಂಟ್ ನೋಡಿದಳು, ಲ್ಯಾಪ್‌ಟಾಪ್ ಸಿಕ್ಕಿಸಿ ಬ್ಯಾಟರಿ ಆರೋಗ್ಯ ನೋಡಿ "ಆಯ್ತು ಅಣ್ಣಾ" ಅಂದಳು.

"ಆಯ್ತಾ? ಕರಿ ಆಯಿಲ್ ಎಲ್ಲವ್ವಾ?"

"ಇದರಲ್ಲಿ ಇಂಜಿನ್ನೇ ಇಲ್ವಲ್ಲಣ್ಣಾ. ಆಯಿಲ್ ಎಲ್ಲಿಂದ ಬರುತ್ತೆ?"

"ಅದೆಲ್ಲಾ ಬುಡು. ಮೂವತ್ತು ವರ್ಷದಿಂದ ಸರ್ವೀಸ್ ಮಾಡಿಸ್ತಾ ಇದೀನಿ. ಆಯಿಲ್ ಇಳೀದೇ ಇದ್ರೆ ಅದ್ಯಾವ ಸೀಮೆ ಸರ್ವೀಸು? ಬೇಲಿ ಕಂಬಕ್ಕೆಲ್ಲಾ ಗೆದ್ಲು ಹತ್ತೈತೆ, ನಾನೇನ್ ಬಳೀಲಿ?"

ಗೌಡರ ಮುಖ ಊದಿತು. ಇವರು ಬೈಕೊಂಡು ಹೋದ್ರೆ ಆ ಮಾತು ಕುಣಿಗಲ್ ಮುಟ್ಟೋಕೆ ಎಷ್ಟೊತ್ತು? ನಾನು ಕ್ಯಾನ್ ಇಸ್ಕೊಂಡು ಶೆಡ್ಡಿನ ಹಿಂದಕ್ಕೆ ಹೋದೆ. ಬೆಳಿಗ್ಗೆ ತಾನೇ ಒಂದು ಟ್ರ್ಯಾಕ್ಟರಿನ ಆಯಿಲ್ ಇಳಿಸಿದ್ದೆ. ಮೂರು ಲೀಟರ್ ತುಂಬಿ ತಂದು, "ಮಗೂಗೆ ಕಾಣಲಿಲ್ಲ ಗೌಡ್ರೇ, ಮೂಲೇಲಿ ಅಡಗಿಕೊಂಡಿತ್ತು" ಅಂದೆ.

ಗೌಡರು ಬೆರಳು ಅದ್ದಿದರು, ಮೂಸಿದರು, ಕಾರನ್ನ ಒಂದು ಸುತ್ತು ಓಡಿಸಿ ಬಂದರು. "ಈಗ ನೋಡಿ, ಹೆಂಗೆ ಹಗೂರಕ್ಕೆ ಓಡ್ತದೆ! ಮೂರೇ ಲೀಟರ್ ಬಂತಲ್ಲ ಅಂತ ಬೇಜಾರು ಮಾಡ್ಕೋಬೇಡಿ ಸಾಬ್ರೇ. ಮುಂದಿನ ಸಲಕ್ಕೆ ಚೆನ್ನಾಗಿ ಓಡ್ಸಿ, ಐದು ಬರೋ ಹಂಗೆ ಮಾಡ್ಕೊಂಡು ಬರ್ತೀನಿ."

೨. ಎ.ಸಿ. ವಾಸನೆ

ಎರಡನೇ ಕಾರು ಗುಬ್ಬಿಯದು. ಗಂಡ ಮೇಷ್ಟ್ರು, ಹೆಂಡತಿಯೂ ಟೀಚರ್. "ಎ.ಸಿ. ಹಾಕಿದ್ರೆ ಸಿಗರೇಟ್ ವಾಸನೆ ಬರುತ್ತೆ" ಅಂತ ಮೇಡಂ ದೂರು.

"ಕರೆಂಟ್ ಕಾರು ಕಣೇ, ವೈರ್ ಬಿಸಿಯಾದ್ರೆ ಹಾಗೇ ಬರೋದು. ನಾನು ಬಿಟ್ಟು ವರ್ಷ ಆಯ್ತಲ್ಲ" ಅಂದರು ಮೇಷ್ಟ್ರು.

ಗಾಳಿ ಫಿಲ್ಟರ್ ಬದಲಿಸೋಕೆ ಮಗಳು ಡ್ಯಾಶ್‌ಬೋರ್ಡಿನ ಖಾನೆ ಕಳಚಿದಳು. ಅದರ ಹಿಂದಿನಿಂದ ಎರಡು ಪ್ಯಾಕ್ ಸಿಗರೇಟು, ಒಂದು ಲೈಟರು, ಒಂದು ಪೊಟ್ಟಣ ಏಲಕ್ಕಿ ದೊಪದೊಪ ಬಿದ್ದವು. ಮೇಷ್ಟ್ರು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಕಲ್ಲೂ ಕರಗಬೇಕು.

ನಾನು ಬಿಟ್ಟುಕೊಡಲಿಲ್ಲ. "ಮೇಡಂ, ಇದು ಕಂಪನಿಯಿಂದಾನೇ ಬರೋದು. ಈ ಕಾರಿಗೆ ಸ್ಟೆಪ್ನಿ ಕೊಡಲ್ಲ ನೋಡಿ, ಅದರ ಬದಲಿಗೆ."

"ಏಲಕ್ಕೀನೂ ಕಂಪನಿಯೋರೇ ಕೊಡ್ತಾರಾ?" ಅಂತ ಮೇಡಂ ಎಲ್ಲಾ ಬಾಚಿ ವ್ಯಾನಿಟಿ ಬ್ಯಾಗಿಗೆ ಹಾಕ್ಕೊಂಡರು. "ವರ್ಷದಿಂದ ಮನೆಯೆಲ್ಲಾ ಜಾಲಾಡಿದೀನಿ, ಸಿಕ್ಕಿರಲಿಲ್ಲ. ನಿಮ್ಮಂಥ ಸರ್ವೀಸ್ ಎಲ್ಲೂ ಇಲ್ಲ ಕಣಮ್ಮಾ, ಊರಿಗೆಲ್ಲಾ ಹೇಳ್ತೀನಿ."

ಮೇಡಂ ಕಾರು ಓಡಿಸ್ಕೊಂಡು ಹೋದರು. ಮೇಷ್ಟ್ರು ಗುಬ್ಬಿ ಬಸ್ ಹತ್ತಿದರು.

೩. ಒಂದೇ ಗಂಟೆ

ಹೊಗಳಿಕೆ ಕುಣಿಗಲ್ ಮುಟ್ಟಿತು. ಯಜಮಾನರ ಒಂದು ಕಾರು ಬೆಳಿಗ್ಗೆ ಒಂಬತ್ತಕ್ಕೆ ಬಂತು, ಮಗಳು ಹತ್ತಕ್ಕೆಲ್ಲಾ ಮುಗಿಸಿದಳು. "ಒಂದೇ ಗಂಟೆ! ರಾಜ್ಯದಲ್ಲಿ ಇನ್ಯಾರು ಮಾಡ್ತಾರೆ ಹೇಳು?" ಅಂತ ಎದೆಯುಬ್ಬಿಸಿ ಡ್ರೈವರ್ ಮುಂದೆ ಕೀ ಹಿಡಿದೆ. ಅವನು ಕೀ ಮುಟ್ಟಲೇ ಇಲ್ಲ.

"ಮನೆಹಾಳ್ ಮಾಡಿಬಿಟ್ರಲ್ಲ ಸಾಬ್ರೇ! ಡೀಸೆಲ್ ಗಾಡಿ ಇದ್ದಾಗ ಸರ್ವೀಸ್ ಅಂದ್ರೆ ನಮಗೆ ಇಡೀ ದಿನ ರಜ. ಊರ್ಡಿಗೆರೇಲಿ ಅತ್ತೆ ಮನೇಲಿ ಕೋಳಿ ಕುಯ್ದವ್ರೆ. ಈಗ್ಲೇ ಕೀ ಕೊಟ್ರೆ ಹನ್ನೊಂದಕ್ಕೆ ಏರ್‌ಪೋರ್ಟ್ ಡ್ಯೂಟಿ ಹಾಕ್ತಾರೆ!"

"ಅದಕ್ಕೆ ನಾನೇನಪ್ಪಾ ಮಾಡ್ಲಿ?"

"ನೀವೇನೂ ಮಾಡ್ಬೇಡಿ. ಸರ್ವೀಸ್ ಸರಿಯಿಲ್ಲ ಅಂತ ನಾನೇ ಹೇಳ್ತೀನಿ. ಎಂಟೂ ಜನ ಡ್ರೈವರ್‌ಗಳು ಅದನ್ನೇ ಹೇಳ್ತೀವಿ."

ಬೇಗ ಮುಗಿಸಿದ್ದಕ್ಕೆ ಬೈಸಿಕೊಂಡ ಮೆಕ್ಯಾನಿಕ್ ಈ ಭೂಮಿ ಮೇಲೆ ನಾನೊಬ್ಬನೇ ಇರಬೇಕು. ಕೀ ಜೇಬಿಗೆ ಹಾಕ್ಕೊಂಡು, "ಇನ್ನೂ ಬೇಜಾನ್ ಕೆಲಸ ಐತೆ, ಸಾಯಂಕಾಲ ಐದಕ್ಕೆ ಬಾ" ಅಂದೆ.

"ಇದಪ್ಪಾ ಸರ್ವೀಸ್ ಅಂದ್ರೆ!" ಅಂತ ಕೈ ಮುಗಿದು ಬಸ್ ಸ್ಟ್ಯಾಂಡ್ ಕಡೆ ಓಡಿದ.

೪. ವಿಶ್ರಾಂತಿ

ಕಾರಿಗೆ ಕವರ್ ಹೊದಿಸಿ ಮೂಲೆಯಲ್ಲಿ ನಿಲ್ಲಿಸಿದ್ದೆ. ಮಧ್ಯಾಹ್ನ ಮೂರಕ್ಕೆ ಹೇಳದೆ ಕೇಳದೆ ಯಜಮಾನರೇ ಬಂದಿಳಿದರು. "ಯಾಕ್ರೀ ನನ್ ಕಾರು ಸುಮ್ನೆ ನಿಂತಿದೆ? ಡ್ರೈವರ್ ಎಲ್ಲಿ?"

ನಿಜ ಹೇಳಿದರೆ ಡ್ರೈವರ್ ಕೆಲಸ ಹೋಯ್ತು, ಎಂಟು ಕಾರೂ ಹೋದವು. ಮಗಳು ನಿಜ ಹೇಳೋಕೆ ಬಾಯಿ ತೆರೆದಳು. ಅಷ್ಟರಲ್ಲಿ ನಾನು ತೆರೆದೆ.

"ಶ್! ಮೆಲ್ಲಗೆ ಯಜಮಾನ್ರೇ. ಬ್ಯಾಟರಿ ಮಲಗಿದೆ."

"ಏನಂದ್ರಿ?"

"ಹಗಲೂ ರಾತ್ರಿ ಓಡ್ಸಿದೀರ. ಸರ್ವೀಸ್ ಆದ್ಮೇಲೆ ಬಾಣಂತಿ ಥರ ನೋಡ್ಕೋಬೇಕು. ಕತ್ತಲೆ, ಹೊದಿಕೆ, ಸದ್ದು ಮಾಡಂಗಿಲ್ಲ. ಬೇರೆಯೋರು ಒಂದು ಗಂಟೇಲಿ ಎಬ್ಬಿಸಿ ಓಡಿಸಿಬಿಡ್ತಾರೆ. ಅದಕ್ಕೇ ಅರ್ಧ ದಾರೀಲಿ ಚಾರ್ಜ್ ಇಳಿಯೋದು."

"ಕಾರು ನಿದ್ದೆ ಮಾಡುತ್ತಾ? ಯಾರ ಕಿವಿಗ್ರೀ ಹೂವ ಇಡ್ತೀರ? ತೆಗೀರಿ ಕವರ್!" ಅಂತ ಯಜಮಾನರು ಕವರಿನ ತುದಿಗೆ ಕೈ ಹಾಕಿದರು. ಮಗಳು ಕಣ್ಣು ಮುಚ್ಚಿಕೊಂಡಳು.

ಒಳಗಿಂದ ಬಂತು: "ಗೊರ್ರ್ರ್... ಪುಸ್ಸ್."

ಅತ್ತೆ ಮನೆ ಕೋಳಿ ಉಂಡ ಡ್ರೈವರ್ ಯಾವಾಗ ವಾಪಸ್ ಬಂದು, ಕವರಿನೊಳಗೆ ನುಸುಳಿ, ನಾನು ಲಾಕ್ ಮಾಡದೆ ಬಿಟ್ಟಿದ್ದ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಬಿದ್ದುಕೊಂಡಿದ್ದನೋ, ನನ್ನಾಣೆ ನನಗೇ ಗೊತ್ತಿರಲಿಲ್ಲ.

ಯಜಮಾನರು ಹಿಡಿದ ಕವರನ್ನ ಮೆಲ್ಲಗೆ ಕೆಳಗೆ ಬಿಟ್ಟರು. ಮುದುರಿದ್ದ ಅಂಚು ಎಳೆದು ಸರಿಯಾಗಿ ಹೊದಿಸಿದರು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ತುದಿಗಾಲಲ್ಲಿ ಹೊರಗೆ ಬಂದು ಪಿಸುಗುಟ್ಟಿದರು:

"ಪಾಪ, ಎಷ್ಟು ದಣಿದಿತ್ತೋ ಏನೋ. ನಾಳೆ ಬೆಳಗಿನವರೆಗೂ ಎಬ್ಬಿಸ್ಬೇಡಿ ಸಾಬ್ರೇ. ಉಳಿದ ಏಳನ್ನೂ ಕಳಿಸಿಕೊಡ್ತೀನಿ, ಅವೂ ನಿದ್ದೆಗೆಟ್ಟಿವೆ."