ಅಜ್ಜ ಸತ್ತು ನೂರು ವರ್ಷ

ಮನಾದೊ ಪೇಟೆಯ ಹುಡುಗಿ ಮೆಯ್ಲಾನ್ ಯುಸ್ತುಸನಿಗೆ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. "ಅಪ್ಪ ಅಮ್ಮ ಬೆಳಗಿನ ದೋಣಿಗೇ ಹೊರಟ್ರು. ಅಪ್ಪ ಮೊದ್ಲು ನಿಮ್ ಬೆಟ್ಟ ನೋಡ್ಬೇಕಂತೆ, ಮದುವೆ ಮಾತು ಆಮೇಲಂತೆ." ಮೂರನೆಯ ಮಾತು ಬರುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ನಮ್ಮ ಮಕಲೆಂಗ ದ್ವೀಪದಲ್ಲಿ ನೆಟ್‌ವರ್ಕ್ ಸಿಗುವುದು ಚರ್ಚಿನ ಮೆಟ್ಟಿಲ ಮೇಲೆ ಮಾತ್ರ, ಅದೂ ಗಾಳಿ ಮನಾದೊ ಕಡೆಯಿಂದ ಬೀಸಿದರೆ. ಯುಸ್ತುಸ್ ಫೋನನ್ನು ತಲೆಯ ಮೇಲೆತ್ತಿ ಹಿಡಿದ, ಮೆಟ್ಟಿಲು ಹತ್ತಿದ, ಇಳಿದ, ಪಾದ್ರಿಗಳ ಕೋಳಿಗಳನ್ನೆಲ್ಲ ಬೆದರಿಸಿದ. ಮೂರನೆಯ ಮಾತು ಬರಲೇ ಇಲ್ಲ. ಆಗ ಅಲ್ಲೇ ತಲೆಯ ಮೇಲೆ ಕೈಹೊತ್ತು ಕೂತ.

ಬೆಟ್ಟ ಎಂದರೆ ಅಜ್ಜ. ನಮ್ಮಲ್ಲಿ ಯಾರೂ ಅದನ್ನು ಬೆಂಕಿಬೆಟ್ಟ ಎನ್ನುವುದಿಲ್ಲ. ಎದುರಿಗೇ ಕೂತಿರುವ ಹಿರಿಯರನ್ನು ಹೆಸರು ಹಿಡಿದು ಕರೆಯುವುದುಂಟೇ? ಹೊಗೆ ಎದ್ದರೆ ಅಜ್ಜ ಸೇದುತ್ತಿದ್ದಾನೆ, ಗುಡುಗಿದರೆ ಅಜ್ಜ ಕೆಮ್ಮಿದ, ಕೆಂಡ ಚಿಮ್ಮಿದರೆ ಅಜ್ಜ ಎಲೆಯಡಿಕೆ ಉಗುಳಿದ. ಪ್ರವಾಸಿಗರನ್ನು ಸಂಜೆ ಮೇಲಕ್ಕೆ ಕರೆದೊಯ್ದು ಅಜ್ಜ ಉಗುಳುವುದನ್ನು ತೋರಿಸಿ, ಅವರನ್ನು ಸುಟ್ಟುಕೊಳ್ಳದಂತೆ ಕೆಳಗಿಳಿಸುವುದು ಯುಸ್ತುಸನ ಕಸುಬು. ಆ ಅಜ್ಜನಿಂದಲೇ ಅವನಿಗೆ ಅನ್ನ, ಆ ಅಜ್ಜನಿಂದಲೇ ಅವನಿನ್ನೂ ಬ್ರಹ್ಮಚಾರಿ. ಹಿಂದೊಮ್ಮೆ ಬಿತುಂಗ್ ಕಡೆಯ ಹೆಣ್ಣಿನವರು ಊಟಕ್ಕೆ ಕೂತಿದ್ದಾಗ ಅಜ್ಜ ಗಂಟಲು ತುಂಬ ಉಗುಳಿದ. ಅವರು ತಟ್ಟೆ ಬಿಟ್ಟು ಎದ್ದು ದೋಣಿಗೆ ಓಡಿದ್ದರು, ಹುಡುಗಿಯ ಸೋದರಮಾವ ಗಾಬರಿಯಲ್ಲಿ ನಮ್ಮ ಚಮಚವನ್ನೂ ಹಿಡಿದುಕೊಂಡೇ ಹೋಗಿದ್ದ. ಈಗ ಮೆಯ್ಲಾನಳ ಅಪ್ಪನೂ ಬೆಟ್ಟ ನೋಡಲು ಬರುತ್ತಿದ್ದಾರೆ ಎಂದರೆ ಕತೆ ಮುಗಿಯಿತು ಎಂದು ಯುಸ್ತುಸನಿಗೆ ಅನ್ನಿಸಿತು. ಮೆಯ್ಲಾನ್ ಇಲ್ಲದೆ ಬದುಕುವುದು ಅವನಿಂದ ಆಗದ ಮಾತಾಗಿತ್ತು.

ಅವನು ನೇರವಾಗಿ ಚಿಕ್ಕಮ್ಮ ನೋರ್ಚೆಯ ಮನೆಗೆ ಓಡಿದ. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ. ಪ್ರವಾಸಿಗರಿಗೆ ಎರಡು ಕೋಣೆ ಬಾಡಿಗೆಗೆ ಕೊಟ್ಟು, ಇಡೀ ಊರಿಗೆ ಬುದ್ಧಿವಾದವನ್ನು ಬಿಟ್ಟಿ ಕೊಡುತ್ತಾಳೆ.

"ಚಿಕ್ಕಮ್ಮ, ಇವತ್ತೊಂದು ದಿನ ಅಜ್ಜ ಸತ್ತಿದ್ದಾನೆ ಅಂತ ಹೇಳ್ಬಿಡೋಣ."

"ಅಯ್ಯೋ ನಿನ್ ಬಾಯಿಗೆ! ಬದುಕಿರೋರನ್ನ ಸಾಯಿಸ್ತೀಯಲ್ಲೋ!"

"ಹಂಗಲ್ಲ ಚಿಕ್ಕಮ್ಮ. ಹೆಣ್ ಕೊಡೋರಿಗೆ ಸತ್ತ ಬೆಟ್ಟ ಅಂದ್ರೆ ಧೈರ್ಯ. ಇವತ್ತು ಸಂಜೆ ತನಕ ಸಾಕು."

"ಅಷ್ಟೆತ್ತರ ಕೂತಿದ್ದಾನೆ, ಬಾಯಲ್ಲಿ ಹೊಗೆ ಬೇರೆ. ಸತ್ತಿದ್ದಾನೆ ಅಂದ್ರೆ ಯಾರೋ ನಂಬ್ತಾರೆ?"

"ಒಬ್ರು ಹೇಳಿದ್ರೆ ನಂಬಲ್ಲ. ಊರೇ ಹೇಳಿದ್ರೆ ನಂಬ್ತಾರೆ. ನಾನು ಮಾಪಲುಸ್ ಕೇಳ್ತೀನಿ."

ಆ ಮಾತು ಕೇಳಿದ್ದೇ ನೋರ್ಚೆ ಎದ್ದು ನಿಂತಳು. ಮಾಪಲುಸ್ ಎಂದರೆ ನಮ್ಮ ಕಡೆಯ ಮುಯ್ಯಾಳು. ಗದ್ದೆಯೋ, ಮನೆಯೋ, ಮದುವೆಯೋ, ಒಬ್ಬ ಕೈಚಾಚಿ ಕೇಳಿದರೆ ಊರಿಗೆ ಊರೇ ಬರಬೇಕು. ಬಂದ ಮೇಲೆ ಸೂರ್ಯ ಮುಳುಗುವ ತನಕ ಕೆಲಸ ಬಿಡುವಂತಿಲ್ಲ. ಕೇಳಿದವನೇ ಬೇಡ ಎಂದು ಬಾಯಿ ಬಡಿದುಕೊಂಡರೂ ಬಿಡುವಂತಿಲ್ಲ. ಒಮ್ಮೆ ಊರ ಮುಖ್ಯಸ್ಥ ಪಾಕ್ ಓಬಾಜಾರ ಮನೆಯ ಮಾಡು ಹೊದಿಸಲು ಹೋದ ಜನ ಮನೆ ತಪ್ಪಿ ಪಕ್ಕದ ಮನೆಯ ಮಾಡು ಕಿತ್ತಿದ್ದರು. ಪಕ್ಕದ ಮನೆಯವನು ಅಳುತ್ತ ನಿಂತಿದ್ದ, ಓಬಾಜಾ ಬೈಯುತ್ತ ನಿಂತಿದ್ದರು, ಜನ ಮಾತ್ರ ಸಂಜೆಯೊಳಗೆ ಹೊಸ ಮಾಡು ಹೊದಿಸಿಯೇ ಇಳಿದರು.

ಓಬಾಜಾ ಮರದ ಕೊರಡು ಬಡಿದು ಊರು ಸೇರಿಸಿದರು. ಯುಸ್ತುಸ್ ಕೈಮುಗಿದು ಕೇಳಿದ. ಜನಕ್ಕೆ ಇಂಥ ಕೆಲಸ ಸಿಕ್ಕಿ ಬಹಳ ದಿನವಾಗಿತ್ತು. "ಅಜ್ಜನ ಬಾಯಿಗೆ ದಾರಿ" ಎಂಬ ಫಲಕದ ಮೇಲೆ ಒದ್ದೆ ಲುಂಗಿ ಬಿತ್ತು. ಬೂದಿ ತುಂಬಿದ ಪುಟ್ಟ ಸೀಸೆಗಳನ್ನು ಮಾರುವ ಅಂಗಡಿಯಲ್ಲಿ ಆ ಸೀಸೆಗಳು ಹೋಗಿ ಒಣಮೀನು ಬಂತು. ಬೆಂಕಿ ಚಿತ್ರದ ಅಂಗಿ ಹಾಕಿದವರೆಲ್ಲ ಅಂಗಿಯನ್ನು ಒಳಹೊರಗು ಮಾಡಿಕೊಂಡರು. ಅಜ್ಜನ ಹೊಗೆಗೇನು ಮಾಡುವುದು ಎಂಬ ಪ್ರಶ್ನೆ ಬಂದಾಗ ಓಬಾಜಾ ಗಡ್ಡ ಕೆರೆದುಕೊಂಡು, "ಎಲ್ಲಾ ಕೊಬ್ಬರಿ ಗೂಡಿಗೂ ಬೆಂಕಿ ಹಾಕ್ರೋ" ಎಂದರು. ಕೊಬ್ಬರಿ ಒಣಗಿಸುವ ಗೂಡುಗಳೆಲ್ಲ ಒಟ್ಟಿಗೆ ಹೊಗೆಯಾಡಿದವು. ಸ್ವಲ್ಪ ಹೊತ್ತಿನಲ್ಲಿ ಅಜ್ಜನಿರಲಿ, ಎದುರು ಮನೆಯೂ ಕಾಣದಂತಾಯಿತು.

ನೋರ್ಚೆಯ ಮನೆಯಲ್ಲಿ ಜಾವಾದಿಂದ ಬಂದ ಗಂಡ ಹೆಂಡತಿ ಇಳಿದುಕೊಂಡಿದ್ದರು. ಹಿಂದಿನ ಸಂಜೆಯಷ್ಟೇ ಅಜ್ಜ ಉಗುಳುವುದನ್ನು ಕಣ್ತುಂಬ ನೋಡಿ ಕುಣಿದಿದ್ದರು. ನೋರ್ಚೆ ಅವರ ಮುಂದೆ ಬಾಳೆಕಾಯಿ ಬಜ್ಜಿ, ಹಸಿಮೆಣಸಿನ ಚಟ್ನಿ ಇಟ್ಟು ಸಂಗತಿ ಹೇಳಿದಳು. "ನಾವೂ ಸೇರ್ಕೋಬಹುದಾ?" ಎಂದು ಗಂಡ ಆಸೆಯಿಂದ ಕೇಳಿದ. ಅವರಿಗೂ ಪಾಠ ಹೇಳಿಕೊಟ್ಟದ್ದಾಯಿತು.

ಮೆಯ್ಲಾನಳ ಅಪ್ಪ ಪಾಕ್ ವೆಂಪಿ ದೋಣಿಯಿಂದ ಇಳಿದರು. ಮನಾದೊ ಪೇಟೆಯಲ್ಲಿ ಲವಂಗದ ಮಂಡಿ ಇಟ್ಟವರು, ಭಾರಿ ಕುಳ. ಹೊಸ ಟೋಪಿ, ಹೊಸ ಬೂಟು, ಕುತ್ತಿಗೆಯಲ್ಲಿ ದುರ್ಬೀನು. ಹಿಂದೆ ಬುಟ್ಟಿ ಹಿಡಿದು, ಸಮುದ್ರಕ್ಕೆ ಶಾಪ ಹಾಕುತ್ತ ಅವರ ಹೆಂಡತಿ ಇಬು ಸೆಲ್ಮಾ. ಹಿರಿಯ ಗಂಡಸರು ನಮಗೆ ಪಾಕ್, ಹಿರಿಯ ಹೆಂಗಸರು ಇಬು.

"ಎಲ್ಲಪ್ಪಾ?" ಎಂದರು ವೆಂಪಿ. ನಮಸ್ಕಾರಕ್ಕೂ ಪುರುಸೊತ್ತಿಲ್ಲ.

"ಏನು ಪಾಕ್?"

"ಬೆಟ್ಟ!"

"ಅದಾ? ಈ ಕೊಬ್ಬರಿ ಹೊಗೆ ಹಿಂದೆ ಇದೆ ಪಾಕ್. ಏನೂ ಹೆದರ್ಕೋಬೇಡಿ. ಸತ್ತು ನೂರು ವರ್ಷ ಆಯ್ತು."

"ಸತ್ತು?"

"ನೂರಕ್ಕೂ ಮೇಲೆ!" ಎಂದು ದೋಣಿಯ ಹಗ್ಗ ಹಿಡಿದವನು ಕೂಗಿದ. "ಪೂರ್ತಿ ತಣ್ಣಗಾಗಿದೆ!" ಎಂದು ಬಲೆ ಹೊಲಿಯುತ್ತಿದ್ದವನು ಸೇರಿಸಿದ. ಪಾಕ್ ವೆಂಪಿಯ ಮುಖ ಸಣ್ಣದಾಯಿತು. ಅದು ನೆಮ್ಮದಿಯ ಮುಖ ಎಂದು ಯುಸ್ತುಸ್ ತಿಳಿದುಕೊಂಡ. ಪ್ರೀತಿಯಲ್ಲಿ ಬಿದ್ದವನಿಗೆ ಮುಖ ಓದಲು ಬರುತ್ತದೆ ಎಂದು ಯಾರು ಹೇಳಿದ್ದಾರೆ?

ದಂಡೆಯಲ್ಲಿ ನಡೆಯುತ್ತ ವೆಂಪಿ ಬೂಟು ಬಿಚ್ಚಿ ನೀರಿಗೆ ಕಾಲಿಟ್ಟು, ಹಾ ಎಂದು ಹಿಂದಕ್ಕೆ ಹಾರಿದರು. "ನೀರು ಕುದೀತಾ ಇದೆಯಲ್ಲಯ್ಯ!" ಅವರ ಕಣ್ಣಿನಲ್ಲಿ ಒಂದು ಗಳಿಗೆ ಮಿಂಚು ಹೊಳೆಯಿತು.

"ಬಿಸಿಲು ಪಾಕ್, ಬಿಸಿಲು," ಎಂದ ಯುಸ್ತುಸ್. ಹೊಗೆಯಲ್ಲಿ ಬಿಸಿಲಿನ ಸುಳಿವೇ ಇರಲಿಲ್ಲ.

ಅಂಗಳದಲ್ಲಿ ಕಾಫಿ ಕುಡಿಯುವಾಗ ಬೂದಿಯ ಪುಡಿ ಸಣ್ಣಗೆ ಉದುರಿ ಲೋಟದಲ್ಲಿ ತೇಲಿತು. ವೆಂಪಿ ಬೆರಳಿಗೆ ಹತ್ತಿಸಿಕೊಂಡು ನೋಡಿದರು. "ಇದೇನಮ್ಮಾ?"

"ಮೆಣಸಿನ ಪುಡಿ," ಎಂದಳು ನೋರ್ಚೆ, ರೆಪ್ಪೆ ಹೊಡೆಯದೆ.

"ಕಾಫಿಗೆ ಮೆಣಸಾ?"

"ನಮ್ ಕಡೆ ಹಂಗೇ. ಕೆಮ್ಮಿಗೆ ಒಳ್ಳೇದು." ಹೊಗೆಗೆ ಎಲ್ಲರೂ ಕೆಮ್ಮುತ್ತಿದ್ದರಿಂದ ಆ ಮಾತಿಗೆ ಯಾರೂ ಎದುರಾಡಲಿಲ್ಲ. ವೆಂಪಿ ಕಣ್ಣೀರು ಒರೆಸಿಕೊಳ್ಳುತ್ತ ಬೂದಿ ಕಾಫಿ ಕುಡಿದರು.

ಊಟದ ಹೊತ್ತಿಗೆ ನೆಲ ಸಣ್ಣಗೆ ನಡುಗಿ ತಟ್ಟೆಗಳು ಟಿಣ್ ಎಂದವು. ಕೂಡಲೇ ಪಕ್ಕದ ಮನೆಯ ನಾಲ್ವರು ಗಂಡಸರು ಅಂಗಳಕ್ಕೆ ನುಗ್ಗಿ ಧಡಧಡ ಕುಣಿಯತೊಡಗಿದರು. "ನಮ್ ಹಳ್ಳಿ ಕುಣಿತ, ಊಟದ ಹೊತ್ತಲ್ಲಿ ಕುಣೀತಾರೆ," ಎಂದು ಓಬಾಜಾ ವಿವರಿಸಿದರು. ನೆಲದ ನಡುಕ ನಿಂತ ಮೇಲೂ ಆ ಪಾಪದವರು ಬಹಳ ಹೊತ್ತು ಕುಣಿದರು, ನಿಲ್ಲಿಸಿ ಎಂದು ಹೇಳಲು ಎಲ್ಲರೂ ಮರೆತಿದ್ದರು.

ನಿಜ ಹೇಳಬೇಕೆಂದರೆ ಅಜ್ಜ ಅಂದು ಮರ್ಯಾದೆಯಿಂದಲೇ ಇದ್ದ. ದಿನಕ್ಕೆ ಎಷ್ಟೋ ಸಲ ಉಗುಳುವವನು ಬಾಯಿ ಬಿಗಿಹಿಡಿದು ಕೂತಿದ್ದ. ಯುಸ್ತುಸ್ ಮನಸ್ಸಿನಲ್ಲೇ ಅವನಿಗೆ ಒಂದು ಕಟ್ಟು ಲವಂಗದ ಸಿಗರೇಟು ಹರಕೆ ಹೊತ್ತ. ಇತ್ತ ವೆಂಪಿ ಸಿಕ್ಕ ಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದರು. "ಒಂದ್ ಸಲಾನೂ ಇಲ್ವಾ? ಸಣ್ಣದಾಗಿ? ಒಂದ್ ಕಿಡಿ?" ಎಲ್ಲರದೂ ಒಂದೇ ಉತ್ತರ. ಹಲ್ಲಿಲ್ಲದ ಮುದುಕಿಯೊಬ್ಬಳಂತೂ ಉತ್ಸಾಹ ತಡೆಯಲಾರದೆ, "ಸತ್ತಾಗ ಮಣ್ಣಿಗೆ ನಾನೇ ಹೋಗಿದ್ದೆ ಕಣಪ್ಪಾ, ಒಳ್ಳೆ ಊಟ ಹಾಕಿದ್ರು" ಎಂದುಬಿಟ್ಟಳು.

ಹೊತ್ತು ಇಳಿಯತೊಡಗಿದಾಗ ಪಾಕ್ ವೆಂಪಿ ದುರ್ಬೀನನ್ನು ಚೀಲಕ್ಕೆ ತುರುಕಿ ಎದ್ದು ನಿಂತರು. ಯುಸ್ತುಸ್ ಓಡಿ ಎದುರಿಗೆ ಬಂದ.

"ತಪ್ಪು ತಿಳ್ಕೋಬೇಡ ಮಗನೇ. ನೀನು ಒಳ್ಳೇವ್ನು. ನಿಮ್ ಜನಾನೂ ಒಳ್ಳೇವ್ರು. ಆದ್ರೆ ಹುಡುಗೀನ ಕೊಡೋಕಾಗಲ್ಲ."

"ಯಾಕೆ ಪಾಕ್? ಬೆಟ್ಟ ಸತ್ತಿದೆಯಲ್ಲಾ?"

"ಅದಕ್ಕೇ! ಸತ್ತ ಬೆಟ್ಟ ತೋರಿಸ್ಕೊಂಡು ನೀನು ಏನಪ್ಪಾ ತಿಂತೀಯಾ, ನನ್ ಮಗಳಿಗೆ ಏನು ತಿನ್ನಿಸ್ತೀಯಾ?"

ಇಬು ಸೆಲ್ಮಾ ನಡುವೆ ಬಾಯಿ ಹಾಕಿದಳು. "ಈ ಮನುಷ್ಯಂದು ಮನೇಲಿ ಒಂದೇ ಜಪ. ಅಳಿಯನ ಊರಲ್ಲಿ ಬೆಟ್ಟ ಬೆಂಕಿ ಕಾರುತ್ತೆ, ಅಳಿಯ ಬೆಟ್ಟದ ಬಾಯಿಗೇ ಕರ್ಕೊಂಡ್ ಹೋಗ್ತಾನೆ ಅಂತ. ಮೆಯ್ಲಾನ್ ಹೇಳಿದ್ದನ್ನ ಕೇಳಿ ಹುಚ್ಚು ಹಿಡಿದಿದೆ. ಜೀವನ ಪೂರ್ತಿ ಲವಂಗದ ಮೂಟೆ ನೋಡಿದ್ದೇ ಆಯ್ತಲ್ಲಾ."

ಯುಸ್ತುಸನಿಗೆ ಭೂಮಿ ಬಾಯ್ದೆರೆದಂತಾಯಿತು. ಅವನು ವೆಂಪಿಯ ಎರಡೂ ಕೈ ಹಿಡಿದ. "ಪಾಕ್! ಬದುಕಿದಾನೆ ಪಾಕ್! ಅಜ್ಜ ಬದುಕಿದಾನೆ! ನಿನ್ನೆ ಸಂಜೆ ಉಗುಳಿದ್ದಾನೆ! ನಾನೇ ಸುಳ್ಳು ಹೇಳ್ದೆ!"

"ಛೇ, ಪಾಪ," ಎಂದರು ಓಬಾಜಾ, ವೆಂಪಿಯ ಕಡೆ ತಿರುಗಿ. "ಹುಡುಗಿ ಕೈ ತಪ್ಪಿತು ಅಂತ ಹುಡುಗನಿಗೆ ತಲೆ ಕೆಟ್ಟಿದೆ. ಸತ್ತು ನೂರು ವರ್ಷ ಆಯ್ತು ಪಾಕ್."

"ಸಾಕು, ನಿಲ್ಸಿ! ಮಾಪಲುಸ್ ಮುಗೀತು!"

ಓಬಾಜಾ ಸಮುದ್ರದ ಕಡೆ ನೋಡಿದರು. ಸೂರ್ಯ ಇನ್ನೂ ನೀರಿನಿಂದ ಒಂದು ಗೇಣು ಮೇಲಿದ್ದ. "ನಾವು ಹಿಡಿದ ಕೆಲಸ ಬಿಡೋ ಜನ ಅಲ್ಲ," ಎಂದು ಗಂಭೀರವಾಗಿ ಹೇಳಿದರು.

ಯುಸ್ತುಸ್ ಜಾವಾದ ದಂಪತಿಯ ಕಡೆ ಓಡಿದ. "ನೀವು ಹೊರಗಿನವ್ರು, ನೀವಾದ್ರೂ ನಿಜ ಹೇಳಿ! ನಿನ್ನೆ ಬೆಂಕಿ ನೋಡಿ ಕುಣಿದ್ರಲ್ಲಾ, ಫೋಟೋ ತೆಗೆದ್ರಲ್ಲಾ!"

ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಬಜ್ಜಿಯ ತಟ್ಟೆ ನೋಡಿದಳು. "ಇಲ್ಲಪ್ಪ," ಎಂದ ಗಂಡ, ಪಾಠ ಒಪ್ಪಿಸುವವನ ಹೆಮ್ಮೆಯಲ್ಲಿ. "ಪೂರ್ತಿ ತಣ್ಣಗಿತ್ತು. ನಮಗೆ ಬೇಜಾರಾಯ್ತು."

ಪಾಕ್ ವೆಂಪಿ ದೋಣಿಯ ಕಡೆ ನಡೆದರು. ಯುಸ್ತುಸ್ ದಂಡೆಯ ಮರಳಿನಲ್ಲಿ ಮೊಣಕಾಲೂರಿ, ಬೆಟ್ಟವಿರುವ ದಿಕ್ಕಿನ ಹೊಗೆಗೆ ಕೈಮುಗಿದ. "ಅಜ್ಜಾ! ಒಂದ್ ಸಲ ಕೆಮ್ಮೋ! ನಿನ್ ಕಾಲಿಗೆ ಬೀಳ್ತೀನಿ, ಕೆಮ್ಮೋ!" ನೋರ್ಚೆ ಅವನ ತಲೆಗೊಂದು ಮೊಟಕಿದಳು. "ಹೋದೋರನ್ನ ಹಂಗೆಲ್ಲಾ ಕರೀಬಾರ್ದು ಕಣೋ." ಅವಳ ಕಣ್ಣಲ್ಲಿ ನೀರಿತ್ತು. ಸಾಕಿದ ಹುಡುಗನ ಸಂಕಟವನ್ನು ಅವಳಿಂದ ನೋಡಲಾಗುತ್ತಿರಲಿಲ್ಲ, ಆದರೆ ಮಾಪಲುಸ್ ಎಂದರೆ ಮಾಪಲುಸ್.

ದೋಣಿ ನೂಕಿದರು. ಎಂಜಿನ್ ಗುರ್ರೆಂದಿತು. ಆಗ ಅಜ್ಜ ಕೆಮ್ಮಿದ.

ಅದು ಸಾಮಾನ್ಯ ಕೆಮ್ಮಲ್ಲ. ಇಡೀ ದಿನ ಕಟ್ಟಿ ಇಟ್ಟುಕೊಂಡದ್ದೆಲ್ಲ ಒಂದೇ ಸಲ ಬಂತು. ಕೊಬ್ಬರಿ ಹೊಗೆಯನ್ನು ಸೀಳಿಕೊಂಡು ಕೆಂಡದ ಕಂಬ ಆಕಾಶಕ್ಕೆದ್ದಿತು, ಕೆಂಪು ಉಂಡೆಗಳು ಬೆಟ್ಟದ ಬೆನ್ನ ಮೇಲೆ ಉರುಳಿದವು, ಕೋಳಿಗಳು ಮರ ಹತ್ತಿದವು. ದೋಣಿಯಲ್ಲಿದ್ದ ಪಾಕ್ ವೆಂಪಿ ಹೊಸ ಬೂಟಿನ ಸಮೇತ ಸೊಂಟಮಟ್ಟದ ನೀರಿಗೆ ಹಾರಿದರು. "ಉಗುಳ್ದಾ! ಸೆಲ್ಮಾ, ನೋಡೇ, ಉಗುಳ್ದಾ!"

"ಅದು ಕೊಬ್ಬರಿ ಗೂಡು ಪಾಕ್," ಎಂದಳು ನೋರ್ಚೆ, ಸೂರ್ಯನನ್ನೊಮ್ಮೆ ನೋಡಿ.

ಅವಳ ಮಾತು ಕೇಳುವವರು ಯಾರು? ವೆಂಪಿ ನೀರು ಸುರಿಸುತ್ತ ಬಂದು ಯುಸ್ತುಸನನ್ನು ಬಾಚಿ ತಬ್ಬಿಕೊಂಡರು. "ಒಪ್ಪಿದೆ ಕಣಯ್ಯಾ! ಸುಳ್ಳ ನನ್ಮಗನೇ, ಒಪ್ಪಿದೆ! ಮೆಯ್ಲಾನ್ ನಿನ್ನೋಳೇ!" ಯುಸ್ತುಸ್ ಮಗುವಿನಂತೆ ಅತ್ತ. ನಾಲ್ವರು ಗಂಡಸರು ಯಾರೂ ಹೇಳದೆ ಮತ್ತೆ ಕುಣಿದರು. ಜಾವಾದ ಗಂಡ ಫೋಟೋ ತೆಗೆದ.

ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು, ದುರ್ಬೀನು ಕಣ್ಣಿಗಿಟ್ಟು ಕೂತ ಮೇಲೆ ವೆಂಪಿ ಹೇಳಿದರು. "ಸೆಲ್ಮಾ, ನೀನು ದೋಣೀಲಿ ಹೊರಡು. ನನ್ ಬಟ್ಟೆ ಕಳಿಸ್ಕೊಡು. ನಾನಿನ್ನು ಇಲ್ಲೇ ಇರ್ತೀನಿ."

"ಮಂಡಿ ಯಾರು ನೋಡ್ತಾರೆ? ಲವಂಗದ ಸುಗ್ಗಿ ಬಂತು!"

"ಮೆಯ್ಲಾನ್ ಇದಾಳಲ್ಲ, ನೋಡ್ಕೋತಾಳೆ."

ಯುಸ್ತುಸ್ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದ. "ಪಾಕ್, ಹಂಗಾದ್ರೆ ಮದುವೆ?"

"ಆಗುತ್ತಪ್ಪಾ, ಅವಸರ ಏನು? ಮಂಡಿ ಬಿಟ್ಟು ಅವಳು ಹೆಂಗ್ ಬರ್ತಾಳೆ? ನಾನು ಹೋಗಿ ಕೂತ ಮೇಲೆ ಅವಳು ಇಲ್ಲಿಗೆ ಬರ್ತಾಳೆ."

"ನೀವು ಯಾವಾಗ ಹೋಗ್ತೀರಿ ಪಾಕ್?"

"ಅಜ್ಜ ಸುಮ್ಮನಾದ ಮೇಲೆ."

"ಇನ್ನೇನು ಪಾಕ್, ಸುಮ್ಮನಾಗ್ತಾನೆ. ನಾಳೇನೇ ಸುಮ್ಮನಾಗಬಹುದು. ಇವತ್ತಿನದೇ ಕೊನೇದೂ ಇರಬಹುದು. ಅಲ್ವಾ, ಹೇಳ್ರಪ್ಪಾ?"

ಅವನು ಊರಿನವರ ಕಡೆ ತಿರುಗಿದ. ಸಮುದ್ರದಲ್ಲಿ ಸೂರ್ಯ ಆಗಷ್ಟೇ ಮುಳುಗಿದ್ದ. ಇಡೀ ದಿನ ಸತ್ಯವನ್ನು ಗಂಟಲಲ್ಲಿ ಅದುಮಿಟ್ಟುಕೊಂಡಿದ್ದ ಜನ ಒಬ್ಬರ ಮೇಲೊಬ್ಬರು ಬಿದ್ದು ಜಗಲಿಯ ಸುತ್ತ ಸೇರಿದರು.

"ಅಜ್ಜಾನಾ? ಸುಮ್ನಾಗೋದಾ?" ಎಂದರು ಓಬಾಜಾ, ಎದೆಯುಬ್ಬಿಸಿ. "ನಮ್ ಮುತ್ತಾತನ ಕಾಲದಿಂದ ಒಂದ್ ವಾರ ಸುಮ್ನೆ ಕೂತಿದ್ದಿಲ್ಲ ಪಾಕ್!"

"ನಿನ್ನೆ ಇದಕ್ಕಿಂತ ಜೋರಿತ್ತು!" ಎಂದ ಜಾವಾದ ಗಂಡ.

"ನನ್ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಹಿಂಗೇ ಇರ್ತಾನೆ," ಎಂದಳು ಮಣ್ಣಿಗೆ ಹೋಗಿ ಬಂದಿದ್ದ ಮುದುಕಿ.

ಪಾಕ್ ವೆಂಪಿ ತೃಪ್ತಿಯಿಂದ ಕಾಲು ಚಾಚಿದರು. "ಕೇಳಿದಿರಾ ಅಳಿಯಂದಿರೇ? ಹಂಗಾದ್ರೆ ನನ್ ಹಾಸಿಗೆ ಕಿಟಕಿ ಪಕ್ಕದಲ್ಲೇ ಹಾಕ್ಬಿಡಿ," ಎಂದರು.